ಹತ್ತು ಎಂ.ಎಂ. ಅಡಿಗೆಮನೆ

ಕಡಬ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಹರಿಪ್ರಸಾದನಿಗೆ ‘ಹಿಂದೆ ಹರಿ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮದುವೆಮನೆಯಲ್ಲಿ ಹತ್ತು ಜನ ಸಾಲಾಗಿ ನಿಂತರೆ ಸಾಕು, ಇವನು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿಯಲು ಶುರು. ಬೆನ್ನಿಗೆ ಗೋಡೆ ತಾಗುವವರೆಗೂ ಸರಿಯುತ್ತಿದ್ದ. ಗೋಡೆ ಇಲ್ಲದ ಕಡೆ ಇನ್ನೂ ಕಷ್ಟ. ಸವಣೂರು ಕಡೆಯ ಒಂದು ಮದುವೆಯಲ್ಲಿ ಹೀಗೆಯೇ ಸರಿದು ಸರಿದು ಪಾಯಸದ ಕೊಪ್ಪರಿಗೆಯೊಳಗೆ ಕೂತುಬಿಟ್ಟಿದ್ದ. ಪುಣ್ಯಕ್ಕೆ ಪಾಯಸ ಆರಿತ್ತು. ಪ್ಯಾಂಟು ಹೋಯಿತು, ಮಾನ ಅರ್ಧ ಉಳಿಯಿತು.

ಪೂರ್ತಿ ತಪ್ಪು ಅವನದು ಎನ್ನುವ ಹಾಗೂ ಇಲ್ಲ. ಅವನದು ಕ್ರಾಪ್ ಸೆನ್ಸರಿನ ಕ್ಯಾಮೆರಾ. ಒಳಗಿನ ಸೆನ್ಸರು ಚಿಕ್ಕದು, ಲೆನ್ಸು ತೋರಿಸಿದ್ದರಲ್ಲಿ ನಾಲ್ಕೂ ಬದಿ ಕತ್ತರಿಸಿ ನಡುವಿನದ್ದನ್ನು ಮಾತ್ರ ಹಿಡಿಯುತ್ತದೆ. ಕ್ಯಾಮೆರಾದ ಜೊತೆಗೇ ಬಂದ ಹದಿನೆಂಟು ಎಂ.ಎಂ. ಲೆನ್ಸಿನಲ್ಲಿ ಮದುಮಗಳು ಸಿಕ್ಕಿದರೆ ಅವಳ ಸೋದರಮಾವ ಸಿಕ್ಕುವುದಿಲ್ಲ. ಸೋದರಮಾವ ಸಿಕ್ಕದಿದ್ದರೆ ಮರುದಿನ ಸ್ಟುಡಿಯೋ ಬಾಗಿಲಿಗೆ ಆತನೇ ಬರುತ್ತಾನೆ, ಬಂದು ಏನು ಮಾತಾಡುತ್ತಾನೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಇದಕ್ಕೆ ಮದ್ದು ಒಂದೇ, ಅಲ್ಟ್ರಾ ವೈಡ್ ಲೆನ್ಸು. ಎಂ.ಎಂ. ಇಳಿದಷ್ಟೂ ನೋಟ ಅಗಲ. ಹತ್ತೋ ಹನ್ನೊಂದೋ ಆದರೆ ಇಡೀ ಕುಟುಂಬವನ್ನು ಒಂದೇ ಕೋಣೆಯಲ್ಲಿ, ಹಿಂದೆ ಸರಿಯದೆ ಹಿಡಿಯಬಹುದು.

ಪುತ್ತೂರಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ಇಬ್ರಾಹಿಂ ಹಳೇ ದೋಸ್ತಿ. ಅವನು ಮೇಜಿನ ಮೇಲೆ ಎರಡು ಲೆನ್ಸು ಇಟ್ಟ. ಒಂದು ಹತ್ತು–ಹದಿನೆಂಟು ಎಂ.ಎಂ.ನದು. ಹೊಚ್ಚ ಹೊಸದು, ಕೈ ಅಲ್ಲಾಡಿದರೂ ಚಿತ್ರ ಅಲ್ಲಾಡುವುದಿಲ್ಲ, ಆದರೆ ಬೆಳಕು ಬೇಡುತ್ತದೆ. ಇನ್ನೊಂದು ಹನ್ನೊಂದು–ಹದಿನಾರು. ಸೆಕೆಂಡ್ ಹ್ಯಾಂಡ್, ಕಲ್ಲಿನ ಹಾಗೆ ಭಾರ, ಆದರೆ ಕತ್ತಲೆ ತುಂಬಿದ ಮದುವೆ ಹಾಲಿನಲ್ಲೂ ಕಣ್ಣು ಬಿಡುತ್ತದೆ.

“ಮದುವೆ ತೆಗೆಯುವವನಿಗೆ ಇದು,” ಎಂದು ಇಬ್ರಾಹಿಂ ಭಾರದ್ದನ್ನು ಮುಂದೆ ತಳ್ಳಿದ. “ಮನೆ ಮಾರುವವನಿಗೆ ಅದು, ಸಣ್ಣ ಕೋಣೆಯೂ ದೊಡ್ಡದು ಕಾಣ್ತದೆ. ನೀನು ಎಂತ ಮಾಡುದು ಹರಿಯಣ್ಣ, ಮನೆ ಮಾರುದಾ?”

“ಇದ್ದರಲ್ಲವಾ ಮಾರುದು ಮಾರಾಯ! ನಾನಿರುದು ಬಾಡಿಗೆಗೆ.”

“ಹಾಗಾದರೆ ಎರಡನ್ನೂ ತಗೊಂಡು ಹೋಗು. ತೆಗೆದು ನೋಡು. ಒಂದನ್ನು ಇಟ್ಟುಕೋ, ಒಂದನ್ನು ವಾಪಸು ತಾ. ಬದಿಯಲ್ಲಿ ಮಾತ್ರ ಯಾರನ್ನೂ ನಿಲ್ಲಿಸಬೇಡ, ತಲೆ ಪಪ್ಪಾಯಿ ಆಗ್ತದೆ.”

ತೆಗೆದು ನೋಡಲು ಇಕ್ಕಟ್ಟಾದ ಜಾಗ ಬೇಕಿತ್ತು. ಅದಕ್ಕಾಗಿ ಹರಿಪ್ರಸಾದ ಊರು ಸುತ್ತಬೇಕಾಗಿರಲಿಲ್ಲ. ರಬ್ಬರ್ ಶೀಟು ಕೊಳ್ಳುವ ಅಂಗಡಿಯ ಹಿಂದೆ ಅವನದೇ ಮನೆ ಇತ್ತಲ್ಲ. ಒಂದು ಹಾಲು, ಒಂದು ಮಲಗುವ ಕೋಣೆ, ಆಮೇಲೆ ಅಡಿಗೆಮನೆ ಎಂದು ಕರೆಯುವ ಒಂದು ಸಂದು. ಬಾಗಿಲಲ್ಲಿ ನಿಂತು ಎರಡೂ ಲೆನ್ಸಿನಲ್ಲಿ ಅಡಿಗೆಮನೆಯ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ. ಹೆಂಡತಿ ಸೇವಂತಿ ಕೈ ಒರೆಸಿಕೊಂಡು ಬಂದು ಇಣುಕಿದಳು.

“ಇದು ಯಾರ ಮನೆ?”

“ನಿನ್ನದೇ.”

“ಹೋಗಿ ಆಚೆ.” ಆಮೇಲೆ ಮೂಲೆಯ ಕೆಂಪು ಬಕೆಟು ಕಣ್ಣಿಗೆ ಬಿತ್ತು. ಬಕೆಟು ತನ್ನದು. ಹಿಡಿ ಮುರಿದಿದೆ, ತಂತಿ ಕಟ್ಟಿದ್ದಾಳೆ. ಆದರೆ ಆ ಬಕೆಟು ಇದ್ದ ಅಡಿಗೆಮನೆ ಯಾವುದೋ ಹೊಸ ಬಂಗಲೆಯದು. ಒಲೆಕಟ್ಟೆ ಉದ್ದಕ್ಕೆ ಹೋಗಿದೆ, ಕಿಟಕಿ ಎಲ್ಲೋ ದೂರದಲ್ಲಿದೆ, ನಡುವೆ ನಾಲ್ಕು ಜನ ಕೂತು ಊಟ ಮಾಡುವಷ್ಟು ನೆಲ. “ಅಪ್ಪಾ ದೇವರೇ,” ಎಂದಳು ಸೇವಂತಿ. ಅವಳ ಮುಖ ಅರಳಿದ್ದನ್ನು ಹರಿಪ್ರಸಾದ ನೋಡಿ ಬಹಳ ಕಾಲವಾಗಿತ್ತು.

ಈ ಸಂತೋಷಕ್ಕೆ ಬೇರೊಂದು ಬೇರು ಇತ್ತು. ಸೇವಂತಿಯ ತವರು ಜಾಲ್ಸೂರಿನ ಹತ್ತಿರ. ಅಣ್ಣ ಡೊಂಬಯ್ಯ ಗೌಡರದು ದೊಡ್ಡ ಮನೆ, ದೊಡ್ಡ ತೋಟ, ಅದಕ್ಕೆ ತಕ್ಕ ದೊಡ್ಡ ಮೂಗು. ತಂಗಿಯ ಮದುವೆಯಾದ ಹೊಸತರಲ್ಲಿ ಒಮ್ಮೆ ಇಲ್ಲಿಗೆ ಬಂದಿದ್ದರು. ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು, ಕೊಟ್ಟ ನೀರನ್ನು ನಿಂತಲ್ಲೇ ಕುಡಿದರು, “ಬಸ್ಸಿಗೆ ಹೊತ್ತಾಯ್ತು” ಎಂದು ಹೊರಟರು. ಕುಳಿತುಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಗಿರಲೂ ಇಲ್ಲ, ಅದು ಊರಿಗೇ ಗೊತ್ತು. ಅಲ್ಲಿಂದೀಚೆಗೆ ಸೇವಂತಿ ತವರಿನವರನ್ನು ಮನೆಗೆ ಕರೆದದ್ದೇ ಇಲ್ಲ. ಹೋಗುವುದು ಬರುವುದು ಎಲ್ಲ ಮದುವೆ ಹಾಲುಗಳಲ್ಲಿ.

“ಈ ಲೆನ್ಸನ್ನೇ ಇಟ್ಟುಕೊಳ್ಳುವ,” ಎಂದಳು.

“ಅದು ಹತ್ತು ಎಂ.ಎಂ.ದು. ನನ್ನ ಕೆಲಸಕ್ಕೆ ಮತ್ತೊಂದು ಒಳ್ಳೆದು. ಮದುವೆ ಹಾಲಿನ ಕತ್ತಲೆಗೆ...”

“ಮತ್ತೊಂದರಲ್ಲಿ ಕಿಟಕಿ ಹತ್ತಿರ ಬರ್ತದೆ. ನಮ್ಮವರು ಇನ್ನಾದರೂ ಮೂಗು ಮುರಿಯುದು ಬೇಡ.”

ಹೇಳಿದವಳು ಸುಮ್ಮನಿರಲಿಲ್ಲ. ಫೋಟೋವನ್ನು ಮೊಬೈಲಿಗೆ ತರಿಸಿಕೊಂಡು ಸ್ಟೇಟಸ್ಸಿಗೆ ಏರಿಸಿಬಿಟ್ಟಳು. ಮೇಲೊಂದು ಹೂವಿನ ಚಿತ್ರ ಬೇರೆ.

ಮರುದಿನ ಬೆಳಿಗ್ಗೆಯೇ ಅಣ್ಣನ ಮಗಳು ಯಶಸ್ವಿಯ ಫೋನು. ಅವಳ ಮದುವೆ ಆಗಷ್ಟೇ ಮುಗಿದಿತ್ತು. ಹೊಸ ಮದುಮಕ್ಕಳನ್ನು ನೆಂಟರು ಒಬ್ಬೊಬ್ಬರಾಗಿ ಮನೆಗೆ ಕರೆದು ಉಣಿಸುವ ಸಮ್ಮಾನದ ಸುತ್ತು ನಡೆಯುತ್ತಿತ್ತು. ಸೋದರತ್ತೆಯೇ ಕರೆಯದೆ ಉಳಿದಿದ್ದಳು.

“ಅತ್ತೆ, ಮನೆ ಯಾವಾಗ ರಿಪೇರಿ ಮಾಡಿಸಿದ್ದು? ಹೇಳ್ಲೇ ಇಲ್ಲ ನೀವು! ಸಮ್ಮಾನಕ್ಕೆ ನಾವು ಈ ಆದಿತ್ಯವಾರ ಬರುದು. ಅಪ್ಪನೂ ಬರ್ತೇನೆ ಹೇಳಿದ್ದಾರೆ.”

“ಬನ್ನಿ ಬನ್ನಿ, ಎಲ್ಲರೂ ಬನ್ನಿ,” ಎಂದಿತು ಸೇವಂತಿಯ ಬಾಯಿ. ಫೋನು ಇಟ್ಟ ಮೇಲೆ ಬುದ್ಧಿ ಬಂತು. ಮಣೆ ಎಳೆದು ಅದರ ಮೇಲೆ ಕೂತುಬಿಟ್ಟಳು.

“ನೀವಾದರೂ ನನ್ನ ಬಾಯಿ ಮುಚ್ಚಿಸಬೇಕಿತ್ತು!”

“ನಿನ್ನ ಬಾಯಿಯಾ? ನಾನಾ?”

“ತಮಾಷೆ ಸಾಕು. ಅಣ್ಣ ಬಂದು, ನೋಡಿ, ಪುನಃ ನಿಂತಲ್ಲಿಂದಲೇ ಹೊರಟರೆ? ಹೊಸ ಅಳಿಯನ ಎದುರು? ನಾನು ಮತ್ತೆ ತವರಿನ ಮೆಟ್ಟಿಲು ಹತ್ತುದು ಹೇಗೆ, ಹೇಳಿ ನೋಡುವ.”

ಹರಿಪ್ರಸಾದ ಹೋಟೆಲಿನಲ್ಲಿ ಊಟ ಕೊಡಿಸುವ ಉಪಾಯ ಹೇಳಿದ. “ಹೋಟೆಲಿನಲ್ಲಿ ಸಮ್ಮಾನವಾ? ನಿಮಗೆ ಮರ್ಲಾ, ತಲೆ ಸಮ ಉಂಟಾ?” ಎಂದು ಬೈಸಿಕೊಂಡ. ನಿಜ ಹೇಳಿಬಿಡು ಎಂದದ್ದಕ್ಕೆ ಬೈಗುಳವೂ ಸಿಗಲಿಲ್ಲ, ಬರೀ ಒಂದು ನೋಟ. ಅವನಿಗೆ ಪಾಪ ಅನಿಸಿತು. ಒಂದು ಗಾಜಿನ ತುಂಡು ಹೆಂಡತಿಯ ತಲೆಯೊಳಗೆ ಇಷ್ಟು ಕೆಲಸ ಮಾಡೀತು ಎಂದು ಇಬ್ರಾಹಿಂ ಹೇಳಿರಲಿಲ್ಲ.

ಆದಿತ್ಯವಾರ ಒಂದು ಜೀಪು ತುಂಬ ಜನ ಬಂದು ಇಳಿದರು. ಯಶಸ್ವಿ, ಅವಳ ಗಂಡ, ಗಂಡನ ಅಕ್ಕ ಭಾವ, ಅವರ ಕಡೆಯ ಇಬ್ಬರು ಹೆಂಗಸರು. ಹಾಲು ಅಷ್ಟರಲ್ಲೇ ತುಂಬಿತು. ಮಂಚವನ್ನು ಗೋಡೆಗೆ ಒರಗಿಸಿದರೂ ಮೊಣಕೈಗೆ ಮೊಣಕೈ. ಹೊಸ ಅಳಿಯ ಒಳ್ಳೆಯವನು, ಚಕ್ಕಳಮಕ್ಕಳ ಹಾಕಿ ಬಾಗಿಲ ಹೊಸ್ತಿಲ ಹತ್ತಿರವೇ ಕೂತ. ಕೊನೆಗೆ ಒಳಗೆ ಬಂದವರು ಡೊಂಬಯ್ಯ ಗೌಡರು. ಕೂರಲು ಜಾಗವೇ ಇರಲಿಲ್ಲ. ನಿಂತರು.

ಹರಿಪ್ರಸಾದ ಎದುರು ಬಂದ. “ಬನ್ನಿ ಭಾವ,” ಎಂದನೇ ಹೊರತು ಎಲ್ಲಿಗೆ ಎಂದು ಹೇಳಲಾಗಲಿಲ್ಲ.

“ಊಟದ ವ್ಯವಸ್ಥೆ ಒಳಗಾ?” ಎಂದು ಗೌಡರು ತಾವೇ ಅಡಿಗೆಮನೆಯ ಕಡೆ ನಡೆದರು. ಫೋಟೋದಲ್ಲಿ ಕಂಡ ಆ ಅಗಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿರಬೇಕು, ದೊಡ್ಡ ಹೆಜ್ಜೆ ಹಾಕಿದರು. ಎರಡನೇ ಹೆಜ್ಜೆಗೆ ಕಿಟಕಿಯ ಸರಳು ಹಣೆಗೆ ಬಡಿಯುವಷ್ಟು ಹತ್ತಿರ ಬಂತು. ಕಟ್ಟೆಯಿಂದ ನೆಲಕ್ಕೆ ಇಳಿಸಿದ ಗ್ಯಾಸ್ ಒಲೆಯ ಮುಂದೆ ಕೂತು ನೀರುದೋಸೆ ಹೊಯ್ಯುತ್ತಿದ್ದ ಸೇವಂತಿ ತಲೆಯೆತ್ತಿದಳು. ಕೈಯಲ್ಲಿದ್ದ ಸೌಟು ನಿಂತಿತು.

ಗೌಡರು ಆ ಕಡೆ ನೋಡಿದರು, ಈ ಕಡೆ ನೋಡಿದರು. “ಫೋಟೋದಲ್ಲಿದ್ದದ್ದು?”

“ಇದೇ ಅಣ್ಣ. ಬೇರೆ ಇಲ್ಲ.” ಅವಳು ಕಣ್ಣು ತಗ್ಗಿಸಲಿಲ್ಲ. ಎಡಗೈಯಿಂದ ಮಣೆಯನ್ನು ಅವರ ಕಾಲ ಬುಡಕ್ಕೆ ತಳ್ಳಿದಳು. “ಕೂತ್ಕೊ. ದೋಸೆ ಬಿಸಿ ಉಂಟು.”

ಹರಿಪ್ರಸಾದ ಬಾಗಿಲಿಗೆ ಬಂದು ನಿಂತ. ಗೌಡರು ಹಿಂತಿರುಗಿ ಹಾಲಿನ ಕಡೆ ನೋಡಿದರು. ಅಲ್ಲಿ ಕಾಲಿಡಲೂ ಎಡೆಯಿಲ್ಲ. ದೋಸೆಯ ಹಬೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಕೋಳಿಸಾರು ಕುದಿಯುತ್ತಿತ್ತು. ಕೊನೆಗೆ “ಹ್ಞಂ” ಎಂದು ಮೊಣಕಾಲು ಹಿಡಿದುಕೊಂಡು ಕೂತರು. ಕೂತಾಗ ಅಣ್ಣನ ಮೊಣಕಾಲು ತಂಗಿಯ ಮೊಣಕಾಲಿಗೆ ತಾಗಿತು. ಸರಿಸಿಕೊಳ್ಳಲು ಜಾಗವಿರಲಿಲ್ಲ.

ಕಾವಲಿಯಿಂದ ಎದ್ದ ದೋಸೆ ನೇರ ಅವರ ಬಟ್ಟಲಿಗೆ ಬಿತ್ತು. ಸಾರು ಬಿತ್ತು. ತಿಂದರು. ಇನ್ನೊಂದು ಬಿತ್ತು.

“ಉಪ್ಪು ಒಂಚೂರು ಕಮ್ಮಿ,” ಎಂದರು.

ಸೇವಂತಿ ಕೂತಲ್ಲಿಂದಲೇ ಕೈ ಚಾಚಿ ಉಪ್ಪು ಹಾಕಿದಳು.

“ನಮ್ಮಲ್ಲಿ ಅಡಿಗೆಮನೆಯಿಂದ ನನ್ನ ಬಟ್ಟಲಿಗೆ ಬರುವಾಗ ದೋಸೆ ತಣ್ಣಗಾಗಿ ಚರ್ಮ ಆಗ್ತದೆ,” ಎಂದರು ಡೊಂಬಯ್ಯ ಗೌಡರು, ಯಾರನ್ನೋ ದೂರುವ ಹಾಗೆ. “ಎಷ್ಟು ವರ್ಷ ಆಯ್ತು ಹೀಗೆ ಬಿಸಿ ತಿನ್ನದೆ. ಹಾಕು ಇನ್ನೊಂದು.”

ಸೇವಂತಿ ನಕ್ಕಳು. ನಗುತ್ತಾ ಹೊಯ್ದಳು, ನಗುತ್ತಾ ಹಾಕಿದಳು. ಅಣ್ಣನೂ ಏನೋ ಹೇಳಿ ನಕ್ಕರು. ಹರಿಪ್ರಸಾದನ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಹಳೆಯ ಲೆನ್ಸಿನಲ್ಲಿ ನೋಡಿದ, ಬರೀ ಗೌಡರ ಬೆನ್ನು. ಹಿಂದೆ ಸರಿಯೋಣವೆಂದರೆ ಹಿಂದೆ ಹೊಸ ಅಳಿಯನ ಅಕ್ಕ ಕೂತಿದ್ದಾಳೆ. ಗಡಿಬಿಡಿಯಲ್ಲಿ ಹತ್ತು ಎಂ.ಎಂ.ನದ್ದನ್ನು ತಿರುಗಿಸಿ ಹಾಕಿದ. ಇಬ್ಬರೂ ಸಿಕ್ಕಿದರು. ಒತ್ತಿದ. ಅಷ್ಟರಲ್ಲಿ ಹಾಲಿನಲ್ಲಿ ಯಾರೋ ಸಾರು ಕೇಳಿದರು, ಅವನು ಓಡಿದ.

ನೆಂಟರು ಜೀಪು ಹತ್ತಿ ಹೋದ ಮೇಲೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಆ ಫೋಟೋ ಬಂತು. ಅಡಿಗೆಮನೆ ಬಂಗಲೆಯಷ್ಟೇ ಅಗಲವಾಗಿತ್ತು. ಈಚೆ ಡೊಂಬಯ್ಯ ಗೌಡರ ಭಾರಿ ಬೆನ್ನು. ಆಚೆ, ಎಲ್ಲೋ ದೂರದ ಒಲೆಯ ಹತ್ತಿರ, ಗೊಂಬೆಯಷ್ಟು ಸಣ್ಣ ಸೇವಂತಿ. ನಡುವೆ ಖಾಲಿ ನೆಲ.

“ಅಣ್ಣ ಇಷ್ಟು ದೂರ ಕೂತಿದ್ದನಾ?”

“ಇಲ್ಲ. ಲೆನ್ಸು ಹಾಗೆ. ಅಗಲ ಮಾಡುವಾಗ ಹಿಂದಿನದ್ದನ್ನು ದೂರ ತಳ್ತದೆ.”

“ಮೊಣಕಾಲು ತಾಗ್ತಿತ್ತು ನನಗೆ.” ಸೇವಂತಿ ಪರದೆಯ ಮೇಲೆ ಬೆರಳಿಟ್ಟು ಆ ಖಾಲಿ ನೆಲವನ್ನು ಅಳೆದಳು. ಅವಳಿಗೆ ಕೋಪ ಬಂದಿತ್ತು. “ಇದನ್ನು ನೋಡಿದವರು ನಾವು ಮಾತು ಬಿಟ್ಟವರು ಅಂತಾರೆ. ನಾಳೆಯೇ ಕೊಟ್ಟು ಬನ್ನಿ ಇದನ್ನು. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.”

“ಅದನ್ನು ಹಾಕಿದರೂ ಹೆಚ್ಚು ಕಮ್ಮಿ ಹೀಗೆಯೇ ಬರುದು,” ಎಂದ ಹರಿಪ್ರಸಾದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನಮ್ಮ ಅಡಿಗೆಮನೆಯಲ್ಲಿ ನೀವಿಬ್ಬರು ಒಟ್ಟಿಗೆ ಇದ್ದದ್ದನ್ನು ಇದ್ದ ಹಾಗೆ ಹಿಡಿಯುವ ಲೆನ್ಸು ನನಗೆ ಗೊತ್ತಿದ್ದ ಹಾಗೆ ಇಲ್ಲ. ಈ ಫೋಟೋವನ್ನು ಎಂತ ಮಾಡುದು? ಅಳಿಸುದಾ?”

“ಅಳಿಸಿ.”

ಅವನ ಬೆರಳು ತಡೆಯಿತು. “ಬೇರೆ ಒಂದೂ ತೆಗೆದಿಲ್ಲ ಸೇವಂತಿ. ಭಾವ ನಮ್ಮ ಮನೆಯಲ್ಲಿ ಕೂತದ್ದಕ್ಕೆ ಇದೊಂದೇ.”

“ಅಳಿಸಿ ಮಾರಾಯ್ರೆ, ಅಣ್ಣ ಇನ್ನೂ ಬರ್ತಾನೆ. ಜೀಪು ಹತ್ತುವ ಮೊದಲು ಅಂಗಳದಲ್ಲಿ ನನ್ನನ್ನು ಬದಿಗೆ ಕರೆದ. ಕರೆದು, ಇನ್ನೊಮ್ಮೆ ಯಾವಾಗ ಬರ್ಲಿ ಅಂತ ಕೇಳಿದ. ನನ್ನ ಹತ್ತಿರ ಕೇಳಿದ.” ಅಷ್ಟು ಹೇಳಿದ್ದೇ ಸೇವಂತಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು.