ಓದದೆ ಬಿಟ್ಟ ಏಳನೇ ಸಾಲು

ವಸುಂಧರೆಯ ಭಾಷಣವನ್ನು ಪಕ್ಷದವರೇ ಬರೆದುಕೊಟ್ಟಿದ್ದರು. ಅವಳು ಜಪಾನಿನ ಪೌರತ್ವ ಪಡೆದು ಆರು ವರ್ಷವಾಗಿತ್ತು. ಟೋಕಿಯೊ ಮಹಾನಗರ ಸಭೆಯ ಚುನಾವಣೆಗೆ ಅವಳೇ ಅಭ್ಯರ್ಥಿಯೆಂದು ಇವತ್ತಿನ ಸಮಾವೇಶ ಒಪ್ಪಬೇಕಿತ್ತು. ಏಳನೇ ಸಾಲು ಹೀಗಿತ್ತು: 'ಭಾರತದಿಂದ ಬರುವವರಿಗೆ ಈಗಲೇ ಬಾಗಿಲು ತೆರೆಯುವುದು ಬೇಡ.'

"ಇದೊಂದನ್ನು ಬಿಡಬಹುದೇ?" ಎಂದು ಪ್ರಚಾರ ನೋಡಿಕೊಳ್ಳುವ ಮೊರಿತಾ-ಸಾನ್‌ರನ್ನು ಕೇಳಿದಳು.

"ಸ್ವಲ್ಪ ಕಷ್ಟ. ಭಾರತದಿಂದಲೇ ಬಂದ ನಿಮ್ಮ ಬಾಯಲ್ಲಿ ಬಂದರೇ ಅದಕ್ಕೆ ತೂಕ."

"ನಾನೇ ಹಿಂದೆ ಸರಿದರೆ?"

"ಪೋಸ್ಟರು ಅಚ್ಚಾಗಿಬಿಟ್ಟಿದೆ, ವಸುಂಧರಾ-ಸಾನ್." ಮಾಸ್ಕಿನ ಮೇಲೆ ಕಣ್ಣುಗಳು ನಕ್ಕವು.

ಫೋನ್ ನಡುಗಿತು. ಭಾರತೀಯರು ಹೆಚ್ಚಿರುವ ನಿಶಿ ಕಸಾಯಿ ಬಡಾವಣೆಯಲ್ಲಿ ಅವಳ ಮೇಲಿನ ಮನೆಯ ಶಾರದಾ. ಅವಳ ಗಂಡ ಭೀಮಸೇನ ಟೋಕಿಯೊ ಪಕ್ಕದ ವಾಕೋ ಊರಿನಲ್ಲಿ ಸಂಶೋಧಕ. ತಂದೆಯ ಕರ್ಮಕ್ಕೆಂದು ಮೈಸೂರಿಗೆ ಹೋದವನು, ಈ ಮೇ ತಿಂಗಳಲ್ಲಿ ಕೊರೊನಾಕ್ಕೆ ಹೆದರಿ ಜಪಾನ್ ಗಡಿ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಬಿದ್ದಿದ್ದ. ವಸುಂಧರೆಯ ಮಗಳು ಶ್ರೀರಕ್ಷಾ ಈಗ ಶಾರದೆಯ ಮನೆಯಲ್ಲೇ ಇದ್ದಳು.

"ಲೈವ್ ಹಾಕ್ಕೊಂಡು ಕೂತಿದೀನಿ ಕಣೇ. ನಮ್ಮೋರ ವಿಷಯ ಒಂದ್ಮಾತು ಹೇಳ್ತೀಯಲ್ವಾ?"

"ಹೇಳ್ತೀನಿ."

ಸಭಾಂಗಣದಲ್ಲಿ ಕುರ್ಚಿ ಬಿಟ್ಟು ಕುರ್ಚಿಗೆ ಒಬ್ಬೊಬ್ಬರು. ಸೋಂಕಿನ ಭಯಕ್ಕೆ ಯಾರೂ ಕೂಗುವಂತಿರಲಿಲ್ಲ. ಒಪ್ಪಿಗೆಯೆಲ್ಲ ಚಪ್ಪಾಳೆಯಲ್ಲೇ, ಮಾತು ನಿಂತಲ್ಲಿ ತಟ್ಟಿ ಎಂದು ಮೊದಲೇ ಹೇಳಿಕೊಟ್ಟಿದ್ದರು.

ಆರನೇ ಸಾಲು ಮುಗಿಸಿ ವಸುಂಧರಾ ನಿಲ್ಲಿಸಿದಳು. ಕಾಗದ ಕೆಳಗಿಟ್ಟಳು. ಭೀಮಸೇನನ ಹೆಸರು ಹೇಳಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಚಪ್ಪಾಳೆ ಬಿತ್ತು. ಅವಳು ಬಾಯಿ ತೆರೆದಂತೆಲ್ಲ ಅದು ಜೋರಾಯಿತು. ಅಧ್ಯಕ್ಷರು ತಲೆಬಾಗಿ, ಅಭ್ಯರ್ಥಿ ಅಂಗೀಕೃತ ಎಂದರು. ಯಾರೋ ಮೈಕು ತೆಗೆದುಕೊಂಡರು. ಮೊರಿತಾ-ಸಾನ್ ಅವಳ ಹೆಸರು ಬರೆದ ಬಟ್ಟೆಯ ಪಟ್ಟಿಯನ್ನು ಅವಳ ಹೆಗಲಿಗೆ ಅಡ್ಡಲಾಗಿ ಹಾಕಿ ಬಿಗಿಯಾಗಿ ಪಿನ್ನು ಚುಚ್ಚಿದರು.

"ನಾಳೆ ಬೆಳಿಗ್ಗೆ ಆರಕ್ಕೆ ನಿಶಿ ಕಸಾಯಿ ಸ್ಟೇಷನ್ ಮುಂದೆ. ಕರಪತ್ರ ಹಂಚಬೇಕು. ಇದೇ ಭಾಷಣ ಅಚ್ಚಾಗಿದೆ."

ಮೆಟ್ಟಿಲ ಹತ್ತಿರ ನಿಂತು ಅವಳು ಫೋನ್ ಮಾಡಿದಳು. "ನಾನದನ್ನ ಓದ್ಲಿಲ್ಲ ಕಣೇ ಶಾರದಾ."

"ನೋಡ್ದೆ. ಆದ್ರೆ ಸ್ಕ್ರೀನ್ ಕೆಳಗಡೆ ಬರಹ ಬರ್ತಿತ್ತಲ್ಲ, ಅದ್ರಲ್ಲಿ ಆ ಸಾಲು ಪೂರ್ತಿ ಬಂತು. ನಿನ್ ಹೆಸರು ಹಾಕಿ. ಮೈಸೂರಲ್ಲಿ ನಮ್ಮೋರೂ ನೋಡ್ತಿದ್ರು, ಅವ್ರಿಗೆ ಜಪಾನಿ ಅರ್ಥ ಆಗಲ್ಲ. ಅಷ್ಟು ಚಪ್ಪಾಳೆ ಬಿತ್ತಲ್ಲ, ನಮ್ ಬಗ್ಗೆನೇ ಹೇಳಿದ್ಳಾ ಅಂತ ಕೇಳಿದ್ರು."

"ಏನಂದೆ?"

"ನೆಟ್‌ವರ್ಕ್ ಇಲ್ಲ ಅಂತ ಇಟ್ಬಿಟ್ಟೆ."

ಶಾರದೆಯ ಹಿಂದಿನಿಂದ ಶ್ರೀರಕ್ಷಾ ಕೂಗಿದಳು: "ಮಮ್ಮಿ, ಸುಗೋಯ್, ಸೂಪರ್! ಎವ್ರಿಬಡಿ ಕ್ಲ್ಯಾಪ್ಡ್!"

"ನಾಳೆನೂ ಹೋಗ್ಬೇಕಾ?" ಶಾರದಾ ಕೇಳಿದಳು.

"ಬೆಳಿಗ್ಗೆ ಆರಕ್ಕೆ."

"ಹಾಗಾದ್ರೆ ಮಗು ಇಲ್ಲೇ ಮಲಗ್ಲಿ ಬಿಡು. ಸ್ಕೂಲಿಗೆ ನಾನೇ ಬಿಡ್ತೀನಿ."

ಬೇಡ ಎನ್ನಬೇಕೆನಿಸಿತು. ಮಗಳನ್ನು ಬಿಡಲು ಇನ್ನೊಂದು ಮನೆಯಿರಲಿಲ್ಲ. "ಆಯ್ತು ಕಣೇ," ಎಂದಳು.