ಮೊರದ ಮೇಲಿನ ನಾಲ್ಕು ಕಾಳು

ಹೆಡತಲೆಯ ರಾಚಮ್ಮನ ಮೊಮ್ಮಗಳು ಕೋಮಲಳಿಗೆ ಮೂರು ವರ್ಷ. ಪ್ರತಿ ಸಲ ತಿಂಗಳು ತುಂಬುವುದರೊಳಗೆ ಮಗುವಿನ ಮುಖ ಬಿಳುಚಿಕೊಳ್ಳುತ್ತಿತ್ತು. ಮೈಸೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕು. ಕಾಯಿಲೆಯ ಹೆಸರು ಥಲಸ್ಸೇಮಿಯಾ, ತಂದೆತಾಯಿಯಿಂದ ಬರುವಂಥದ್ದು ಎಂದು ಡಾಕ್ಟರು ಹೇಳಿದ ದಿನದಿಂದ ರಾಚಮ್ಮನ ಕಣ್ಣು ಸೊಸೆ ಹೇಮಲತಾಳ ಮೇಲೆಯೇ.

ಹೇಮಲತಾ ಹೊರಗಿನವಳಲ್ಲ, ಹೆಮ್ಮಿಗೆಯಲ್ಲಿರುವ ರಾಚಮ್ಮನ ತಮ್ಮನ ಮಗಳು. ಗೊತ್ತಿಲ್ಲದ ಮನೆಯ ಹೆಣ್ಣು ಎಂಥ ರೋಗ ತರುತ್ತಾಳೋ ಎಂದೇ ಅವಳನ್ನು ಹಿರಿಮಗ ಮಹೇಂದ್ರನಿಗೆ ತಂದುಕೊಂಡದ್ದು. ಹಾಗಾದರೆ ರೋಗ ಎಲ್ಲಿಂದ ಬಂತು? ತಮ್ಮನ ಹೆಂಡತಿ ಬನ್ನೂರಿನವಳು. ಅವಳೇ ಏನೋ ಮುಚ್ಚಿಟ್ಟಿದ್ದಾಳೆ! ಈ ಸಲ ಆ ಬನ್ನೂರಿನ ಸೋಂಕೇ ಬೇಡವೆಂದು, ಕಿರಿಮಗ ಕುಮಾರನಿಗೆ ಸ್ವಂತ ಮಗಳ ಮಗಳು ತೇಜಸ್ವಿನಿಯನ್ನೇ ಗೊತ್ತುಮಾಡಿದ್ದಳು. ಶುಕ್ರವಾರ ವೀಳ್ಯಶಾಸ್ತ್ರ.

ಆಶಾ ಕಾರ್ಯಕರ್ತೆ ಮುತ್ತಮ್ಮ ಬಂದಾಗ ರಾಚಮ್ಮ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು.

“ರಾಚಕ್ಕ, ಮಹೇಂದ್ರನ ರಕ್ತದ ರಿಪೋರ್ಟು ಬಂತು.”

“ಅವನ ರಕ್ತ ಯಾಕೆ ತೆಗುಸ್ದೆ? ಎತ್ತಿನಂಗವ್ನೆ ನನ್ನ ಮಗ. ಅವಳ್ದು ನೋಡು.”

“ಇಬ್ಬರದೂ ನೋಡವ್ರೆ. ಇಬ್ಬರಲ್ಲೂ ಅದೆ.”

ರಾಚಮ್ಮ ಒಳಗೆ ಇಣುಕಿದಳು. ಸೊಸೆಯೇ ಹೇಳಿಕೊಟ್ಟಿರಬಹುದೇ? “ಅವಳ ಕೈಲಿ ಕಾಪಿ ಕುಡ್ದು ಅವಳ ಪರ ಮಾತಾಡ್ತಿದ್ದೀಯಾ?”

“ಕಾಪಿನೂ ಇಲ್ಲ, ಮಣ್ಣೂ ಇಲ್ಲ. ಕೊಡಿಲ್ಲಿ ಮೊರವ.” ಮುತ್ತಮ್ಮ ಎರಡು ಗಟ್ಟಿ ಕಾಳು, ಎರಡು ಹುಳುಕು ಕಾಳು ಆರಿಸಿ ಜೋಡಿಯಾಗಿಟ್ಟಳು. “ಇದು ಮಹೇಂದ್ರನ ಜೋಡಿ. ಒಂದು ಗಟ್ಟಿ, ಒಂದು ಉಳುಕು. ಹೇಮಂದೂ ಅಂಗೇ. ಒಂದು ಗಟ್ಟಿ ಇದ್ರೆ ಸಾಕು, ಎತ್ತಿನಂಗೇ ಇರ್ತಾರೆ. ಕೂಸು ಅಪ್ಪಂದೊಂದು, ಅವ್ವಂದೊಂದು ಎತ್ಕೊತದೆ. ಎರಡೂ ಉಳುಕೇ ಸಿಕ್ರೆ ಕೋಮಲನಂಗೆ. ಇಬ್ಬರಲ್ಲೂ ಇದ್ರೆ ಪ್ರತಿ ಬಸುರಿಗೂ ನಾಕ್ರಲ್ಲಿ ಒಂದು ಪಾಲು ಆ ಭಯ ಇದ್ದೇ ಅದೆ.”

ರಾಚಮ್ಮ ಕಾಳುಗಳನ್ನೇ ದಿಟ್ಟಿಸಿದಳು. ಮಹೇಂದ್ರನನ್ನು ಬನ್ನೂರಿನವಳು ಹೆತ್ತಿಲ್ಲವಲ್ಲ.

“ಅವನಿಗೆಲ್ಲಿಂದ ಬಂತು?” ದನಿ ಸಣ್ಣದಾಗಿತ್ತು.

“ನಿನ್ನಿಂದ, ಇಲ್ಲ ನಿನ್ನ ಗಂಡನಿಂದ. ಟೆಸ್ಟ್ ಮಾಡಿಸ್ದೆ ಗೊತ್ತಾಗಲ್ಲ. ಯಾರ ತಪ್ಪೂ ಅಲ್ಲ ಕಣಕ್ಕ. ಆದ್ರೆ ಕುಮಾರಂಗೂ ಬಂದಿರ್ಬೋದು, ನಿನ್ನ ಮಗಳಿಂದ ತೇಜಸ್ವಿನಿಗೂ ಓಗಿರ್ಬೋದು. ಒಂದೇ ರಕ್ತದೋರು ಮದ್ವೆಯಾದ್ರೆ ಉಳುಕಿಗೆ ಉಳುಕೇ ಜೊತೆಯಾಗೋದು ಜಾಸ್ತಿ.”

‘ಮದುವೆ ಮುರಿಯಲೆಂದೇ ಬಂದಳೇ ಇವಳು?’ ರಾಚಮ್ಮನ ಮನಸ್ಸು ಇನ್ನೂ ಒಪ್ಪಲಿಲ್ಲ. ಅಷ್ಟರಲ್ಲಿ ಹೇಮಲತಾ ಹೊಸಿಲಿಗೆ ಬಂದಳು. ಕಂಕುಳಲ್ಲಿ ಕೋಮಲ, ಮಗುವಿನ ಮುಂಗೈಯಲ್ಲಿ ಸೂಜಿ ಚುಚ್ಚಿದ ನೀಲಿ ಕಲೆ.

“ನನ್ನ ಏನಾರ ಅನ್ನು, ಅತ್ತೆ. ತೇಜುಗೆ ಉಟ್ಟೋ ಕೂಸಿಗೂ ಈ ಸೂಜಿ ಬ್ಯಾಡ.”

ರಾಚಮ್ಮ ಆ ಪುಟ್ಟ ಕೈಯನ್ನು ಸವರಿದಳು. ಆಮೇಲೆ ನರಸೀಪುರದಲ್ಲಿದ್ದ ಮಗಳಿಗೆ ಫೋನು ಮಾಡಿದಳು.

“ಶುಕ್ರವಾರದ ಶಾಸ್ತ್ರ ಬ್ಯಾಡ ಕಣವ್ವ. ಮೊದ್ಲು ಕುಮಾರ, ತೇಜು ಇಬ್ಬರದೂ ರಕ್ತ ನೋಡ್ಸವ.”

“ನನ್ನ ಮಗಳ ಮ್ಯಾಲೆ ಅನುಮಾನ್ವಾ ಅವ್ವ?”

“ನಿನ್ನ ಮಗಳ ಮ್ಯಾಲಲ್ಲ. ಮೊದ್ಲು ನಂದೇ ಕೊಡ್ತೀನಿ.”

ಹೇಮಲತಾ ತಲೆಯೆತ್ತಿ ಅತ್ತೆಯನ್ನು ನೋಡಿದಳು.

ಅಕ್ಕತಂಗಿಯರೇ, ನಂಟಸ್ತನ ಬೆಳೆಸುವಾಗ ನೀವು ಮನೆತನ ವಿಚಾರಿಸುತ್ತೀರಿ, ಜಾತಕ ತೋರಿಸುತ್ತೀರಿ. ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಸೋದರಸಂಬಂಧವಾದರಂತೂ ತಪ್ಪಿಸಬೇಡಿ. ಮದುವೆ ಆಗಿದ್ದರೆ ಬಸುರಿಗೆ ಮುಂಚೆ, ಇಲ್ಲವೇ ಬಸುರಿನ ಮೊದಲ ತಿಂಗಳುಗಳಲ್ಲೇ ಡಾಕ್ಟರನ್ನು ಕೇಳಿ. ಅನುಮಾನ ಬಂದಾಗ ಸೊಸೆಯ ಮುಖ ನೋಡಬೇಡಿ, ರಿಪೋರ್ಟು ನೋಡಿ.