ವಠಾರದ ಸಂಪಿನ ನೀರು

ಚಾಮರಾಜಪೇಟೆಯ ಆ ವಠಾರದಲ್ಲಿ ಐದು ಮನೆ, ಒಂದೇ ಸಂಪು. ತರಕಾರಿ ಮಾರುವ ಮುನಿರತ್ನಮ್ಮ ದಿನಾ ಬೆಳಗ್ಗೆ ವ್ಯಾಪಾರಕ್ಕೆ ಹೊರಡುವ ಮುಂಚೆ ಅದರೊಳಕ್ಕೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದಳು. ಯಾರೂ ಹೇಳಿದ್ದಲ್ಲ. ಅವಳ ಮೊದಲ ಮಗಳು ನಾಲ್ಕು ವರ್ಷದವಳಿದ್ದಾಗ ವಾಂತಿ-ಭೇದಿ ಹತ್ತಿ ಒಂದೇ ಹಗಲಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ನೀರೆಂದರೆ ಅಂಜಿಕೆ. ತೊಂಬತ್ತೇಳರ ಬೇಸಿಗೆಯಲ್ಲಿ ಸೊಸೆ ಶಶಿರೇಖಾ ಏಳು ತಿಂಗಳ ಬಸುರಿ. ಒಂದು ಹಿಡಿ ಎರಡಾಯಿತು.

ಮಹಡಿಮನೆಯ ಸುಪ್ರಜಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು. ಒಂದು ದಿನ ಕಾಫಿಗೂ ಪೌಡರಿನ ನಾತ ಹತ್ತಿದ್ದರಿಂದ ಕೆಳಗಿಳಿದು ಬಂದು ಸಂಪಿನೊಳಕ್ಕೆ ಬಗ್ಗಿ ನೋಡಿದಳು. ಒಡೆದ ಮುಚ್ಚಳದ ಸಂದಿಯಿಂದ ಬಿದ್ದ ಹೊಂಗೆ ಎಲೆಗಳು ತಳದಲ್ಲಿ ಕೊಳೆಯುತ್ತಿದ್ದವು. ಕೊಳೆತ ಎಲೆಗೆ ಈ ಪುಡಿ ಸೇರಿದರೆ ಕ್ಲೋರೋಫಾರಂ ಥರದ ವಸ್ತುಗಳು ಹುಟ್ಟುತ್ತವೆ, ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರ್ ಬರಬಹುದೆಂಬ ಅನುಮಾನವಿದೆ, ಬಸುರಿಯರಿಗೂ ಒಳ್ಳೆಯದಲ್ಲ ಅಂತಾರೆ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೋಗಿಬಿಟ್ಟಳು.

ಮುನಿರತ್ನಮ್ಮ, ಹುಟ್ಟದ ಕೂಸಿಗೆ ತಾನೇ ವಿಷ ಹಾಕಿದೆನೆಂದುಕೊಂಡು ಪುಡಿಯ ಡಬ್ಬವನ್ನು ಮೋರಿಗೆ ಬಗ್ಗಿಸಿದಳು. ಸೊಸೆ ನೀರಿನ ಲೋಟ ಎತ್ತಿದಾಗಲೆಲ್ಲ ಬಳಿಗೆ ಬಂದು ನಿಲ್ಲುವಳು. ಮಗು ಒದೀತಿದೆಯಾ ಎಂದು ಗಳಿಗೆಗೊಮ್ಮೆ ಕೇಳುವಳು.

ಐದನೇ ದಿನ ಮಧ್ಯಾಹ್ನ ಶಶಿರೇಖಾಗೆ ವಾಂತಿ ಶುರುವಾಯಿತು, ಅದರ ಹಿಂದೆಯೇ ಭೇದಿ. ಆಟೋದಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಮುನಿರತ್ನಮ್ಮ ಸೆರಗಿನಿಂದ ಅವಳ ಬಾಯಿ ಒರೆಸುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ನೀರಿನಲ್ಲಿದ್ದ ರೋಗಾಣುವಿನದೇ ತೊಂದರೆ ಎಂದರು, ಬಾಟಲಿ ಮೇಲೆ ಬಾಟಲಿ ಡ್ರಿಪ್ ಏರಿಸಿದರು. ಮರುದಿನ ಡಾಕ್ಟರು, ಮಗುವಿನ ಎದೆಬಡಿತ ಚೆನ್ನಾಗಿದೆ ಎಂದಮೇಲೆಯೇ ಅವಳು ಕೂತದ್ದು.

ಸುಪ್ರಜಾ ಸುದ್ದಿ ಕೇಳಿ ಅಲ್ಲಿಗೇ ಬಂದಳು.

"ನಾನು ಅರ್ಧ ಹೇಳಿ ಹೋದೆ ರತ್ನಮ್ಮ. ಎಲೆ ತೆಗೆಸಿ, ಪುಡಿ ಅಳತೇಲಿ ಹಾಕಿ ಅನ್ಬೇಕಿತ್ತು. ಆ ವಿಷ ಎಷ್ಟೋ ವರ್ಷದ ಮಾತು. ಈ ವಾಂತಿ-ಭೇದಿ ಒಂದೇ ದಿನದ್ದು."

"ಒಂದೇ ದಿನದ್ದು ನಂಗೆ ಗೊತ್ತಿತ್ತಲ್ಲಮ್ಮ," ಅಂದಳು ಮುನಿರತ್ನಮ್ಮ. "ಗೊತ್ತಿದ್ದೂ ಬಿಟ್ಬಿಟ್ಟೆ."

ಆ ಭಾನುವಾರ ಇಬ್ಬರೂ ಸೆರಗು ಸಿಕ್ಕಿಸಿ ನಿಂತು ಸಂಪು ಬರಿದು ಮಾಡಿಸಿದರು. ಮೂರು ಬುಟ್ಟಿ ಕಪ್ಪು ಕೆಸರು ಬಂತು. ಸುಪ್ರಜಾ ಹೊಸ ಮುಚ್ಚಳ ಹಾಕಿಸಿ, ಪುಡಿಗೆ ಅಳತೆಯ ಚಮಚ ತಂದುಕೊಟ್ಟು, ಕುಡಿಯುವ ನೀರನ್ನು ತಟ್ಟೆ ಮುಚ್ಚದೆ ಕುದಿಸಿ, ಆ ವಿಷ ಇದ್ದರೂ ಆವಿಯ ಜೊತೆ ಹೋಗುತ್ತೆ ಅಂದಳು.

ಆಷಾಢದಲ್ಲಿ ಹೆಣ್ಣುಮಗು ಹುಟ್ಟಿತು, ಎರಡೂಮುಕ್ಕಾಲು ಕೇಜಿ. ಆರು ತಿಂಗಳು ತುಂಬಿದ ಮೇಲೆ ಮೊದಲ ಸಲ ಅದಕ್ಕೆ ನೀರು ಕುಡಿಸಬೇಕಾದಾಗ ಅಜ್ಜಿ ಒಳಲೆಗೆ ಬಗ್ಗಿಸುವ ಮುಂಚೆ ತಾನೊಂದು ಗುಟುಕು ಕುಡಿದು ನೋಡಿದಳು. ಕುಡಿಸಿದಳು. ಅವತ್ತು ವ್ಯಾಪಾರಕ್ಕೆ ಹೋಗದೆ, ಸಂಜೆಯವರೆಗೂ ಮಗುವಿನ ಪಕ್ಕ ಬಿಟ್ಟು ಏಳಲಿಲ್ಲ.